ಕತ್ತರಿ ಹಿಡಿದು ತೋರಾ ಕಲಿಸಿದ ವರ್ಷಗಳು

ಕಾವ್ಯ ಎಂಬ ಹುಡುಗಿ ಹೋದ ತಿಂಗಳು ನಮ್ಮ ಮನೆಗೆ ಬಂದಿದ್ದಳು. ಮೈಸೂರಿನವಳು, ಮೆಲ್ಬರ್ನ್‌ನ ಪಾಯಿಂಟ್ ಕುಕ್‌ನಲ್ಲಿ ನಮ್ಮ ಹಿಂದಿನ ಬೀದಿಯಲ್ಲೇ ವಾಸ. ನಾನು ಬಿಟ್ಟ ಕೆಲಸಕ್ಕೆ ಈಗ ಅವಳು ಸೇರಿಕೊಂಡಿದ್ದಾಳೆ. "ಆಂಟಿ, ಇಂಟರ್‌ವ್ಯೂನಲ್ಲಿ ಎಲ್ಲಾದಕ್ಕೂ ಯೆಸ್ ಅಂದ್‌ಬಿಟ್ಟೆ. ಈಗ ಭಯ ಆಗ್ತಿದೆ. ಏನಾದ್ರೂ ಟಿಪ್ಸ್ ಕೊಡಿ," ಎಂದಳು. ಟಿಪ್ಸ್ ಕೊಡುವಷ್ಟು ಜಾಣತನ ನನ್ನಲ್ಲಿಲ್ಲ. ಏನೇನು ಎಡವಟ್ಟು ಮಾಡಿದೆ ಎಂಬುದು ಮಾತ್ರ ಚೆನ್ನಾಗಿ ನೆನಪಿದೆ. ಅದನ್ನೇ ಬರೆದಿಡುತ್ತಿದ್ದೇನೆ.

ಯಹೂದಿಗಳ ಧರ್ಮಗ್ರಂಥಕ್ಕೆ ತೋರಾ ಎಂದು ಹೆಸರು. ಅದನ್ನು ವಾರಕ್ಕೊಂದು ಭಾಗದಂತೆ ಓದುತ್ತ ಹೋಗಿ ವರ್ಷಕ್ಕೆ ಸರಿಯಾಗಿ ಮುಗಿಸುತ್ತಾರೆ. ಭಾನುವಾರದ ಶಾಲೆಗೆ ಬರುವ ಪುಟ್ಟ ಮಕ್ಕಳಿಗೆ ಮೊದಲು ಆ ವಾರದ ಕಥೆ ಹೇಳುತ್ತಾರೆ. ಆಮೇಲೆ ಆ ಕಥೆಯನ್ನು ಕಾಗದ, ಬಣ್ಣ, ಜೇಡಿಮಣ್ಣು, ಹಳೆಯ ಡಬ್ಬಗಳಿಂದ ಮಕ್ಕಳ ಕೈಯಲ್ಲೇ ಮಾಡಿಸಬೇಕು. ಆ ಎರಡನೆಯ ಕೆಲಸ ನನ್ನದು. ನಾನು ಧಾರವಾಡದವಳು, ಶ್ರಾವಣ ಸೋಮವಾರ ಬಿಡದ ಮನೆಯಲ್ಲಿ ಬೆಳೆದವಳು. ಊರಿನಲ್ಲಿ ಆರು ವರ್ಷ ಡ್ರಾಯಿಂಗ್ ಟೀಚರ್ ಆಗಿದ್ದೆ. ನಮ್ಮವರಿಗೆ ಸಿಡ್ನಿಯ ವೆಸ್ಟ್‌ಮೀಡ್‌ನಲ್ಲಿ, ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸವಾಯಿತು. ನನ್ನ ಸರ್ಟಿಫಿಕೇಟು ಇಲ್ಲಿ ನಡೆಯಲಿಲ್ಲ. ಸ್ಟೇಷನ್ ಹತ್ತಿರದ ಬಾಡಿಗೆ ಫ್ಲ್ಯಾಟಿನಲ್ಲಿ ಎರಡು ವರ್ಷ ಸುಮ್ಮನೆ ಕೂತ ಮೇಲೆ "ಕ್ರಾಫ್ಟ್ ಅಸಿಸ್ಟೆಂಟ್, ಭಾನುವಾರ ಮಾತ್ರ" ಎಂಬ ಜಾಹೀರಾತು ಕಣ್ಣಿಗೆ ಬಿತ್ತು.

ಇಂಟರ್‌ವ್ಯೂ ಮಾಡಿದವರು ಆ ಶಾಲೆಯ ರಬ್ಬಿ, ಅಂದರೆ ಅವರ ಧರ್ಮಗುರು. ಅರವತ್ತು ದಾಟಿದ ಮನುಷ್ಯ, ಬಿಳಿ ಗಡ್ಡ, ಕಪ್ಪು ಟೋಪಿ, ಕೋಟಿನ ಜೇಬಿನ ತುಂಬ ಪೆಪ್ಪರ್‌ಮಿಂಟು. ನನ್ನ ಓದು, ಜಾತಿ, ದೇವರು ಯಾವುದನ್ನೂ ಕೇಳಲಿಲ್ಲ. "ಒಂಟೆ ಮಾಡಲು ಬರುತ್ತದೆಯೇ?" ಎಂದರು. ಮೇಜಿನ ಮೇಲಿದ್ದ ಪೇಪರನ್ನೇ ಮಡಚಿ ಸುತ್ತಿ ಒಂಟೆ ಮಾಡಿ ನಿಲ್ಲಿಸಿದೆ.

ಅವರು ಕನ್ನಡಕ ಸರಿಮಾಡಿಕೊಂಡು ನೋಡಿದರು. "ಇದಕ್ಕೆ ಮೂರು ಡುಬ್ಬ ಇವೆಯಲ್ಲ?"

"ಒಂದು ಲಗೇಜು," ಎಂದೆ. ಕೆಲಸ ಸಿಕ್ಕಿತು.

"ಈ ವೀಕೆಂಡಿನಿಂದಲೇ ಬನ್ನಿ" ಎಂದಿದ್ದರು. ವೀಕೆಂಡ್ ಎಂದರೆ ನನಗೆ ಶನಿವಾರ. ಹದಿನಾರು ಕತ್ತರಿ, ಬಣ್ಣದ ಕಾಗದ ಎಲ್ಲ ಚೀಲಕ್ಕೆ ತುಂಬಿಕೊಂಡು ಟ್ರೇನು, ಬಸ್ಸು ಹತ್ತಿ ಹೋದೆ. ಗೇಟಿನಲ್ಲಿ ಸೆಕ್ಯುರಿಟಿಯವನು ಚೀಲ ತೆರೆದು ಕತ್ತರಿಗಳನ್ನು ನೋಡಿದ, ನನ್ನನ್ನು ನೋಡಿದ, ಮತ್ತೆ ಕತ್ತರಿಗಳನ್ನು ನೋಡಿದ. ಶನಿವಾರ ಅವರಿಗೆ ವಿಶ್ರಾಂತಿಯ ಪವಿತ್ರ ದಿನ. ಕತ್ತರಿಸುವಂತಿಲ್ಲ, ಅಂಟಿಸುವಂತಿಲ್ಲ, ಬರೆಯುವಂತಿಲ್ಲ. ನಾನು ಕಲಿಸಲು ಬಂದಿದ್ದೆಲ್ಲ ಅಂದು ಒಂದೊಂದೂ ನಿಷಿದ್ಧ. "ಮೇಡಂ, ಇವತ್ತು ಕತ್ತರಿ ತಂದಿರೋದು ನೀವೊಬ್ಬರೇ. ನಾಳೆ ಬನ್ನಿ," ಎಂದು ಅವನು ಬಹಳ ಮರ್ಯಾದೆಯಿಂದ ಚೀಲದ ಜಿಪ್ ಎಳೆದುಕೊಟ್ಟ.

ಮರುದಿನದಿಂದ ನಾನು ಮೋರಾ ಸುಧಾ ಆದೆ. ಹೀಬ್ರೂ ಭಾಷೆಯಲ್ಲಿ ಮೋರಾ ಎಂದರೆ ಟೀಚರಮ್ಮ. ಮನೆಗೆ ಬಂದು ನಮ್ಮವರಿಗೆ ಹೇಳಿದರೆ, "ಮೊರಾ? ಅಕ್ಕಿ ಕೇರೋ ಮೊರಾ ಏನು?" ಎಂದರು.

"ಮೋರಾ ರೀ. ಅಂದ್ರ ಟೀಚರ್."

"ಒಂದs ಬಿಡು. ಎರಡೂ ಹೊಟ್ಟು ತಗಿಯೋದs."

ಮೊದಲ ದೊಡ್ಡ ಪಾಠ ನೋಹನ ನಾವೆ. ಈ ಕಥೆ ನನಗೆ ಗೊತ್ತಿತ್ತು, ಅದೇ ತೊಂದರೆಯಾಯಿತು. ಮಹಾಪ್ರವಾಹ ಬರುತ್ತದೆ, ನೋಹ ಪ್ರತಿ ಪ್ರಾಣಿಯನ್ನೂ ಜೋಡಿಯಾಗಿ ನಾವೆಗೆ ಹತ್ತಿಸುತ್ತಾನೆ. ಫ್ರಿಜ್ ಬಂದ ರಟ್ಟಿನ ಪೆಟ್ಟಿಗೆಯಲ್ಲಿ ನಾವೆ ಕಟ್ಟಿ, ಎರಡು ಆನೆ, ಎರಡು ಹಸು, ಎರಡು ಕುರಿ ಎಂದು ಮಾಡಿಸುತ್ತಿದ್ದೆ. ತಾಲ್ಯ ಎಂಬ ಏಳು ವರ್ಷದ ಹುಡುಗಿ ಕೈ ಎತ್ತಿದಳು. "ಮೋರಾ, ಹಸು ಎರಡಲ್ಲ. ಶುದ್ಧ ಪ್ರಾಣಿಗಳು ಏಳೇಳು ಜೋಡಿ."

ತಮಾಷೆ ಮಾಡುತ್ತಿದ್ದಾಳೆ ಅಂದುಕೊಂಡೆ. "ಎರಡೇ ಪುಟ್ಟಿ. ಎಲ್ಲರಿಗೂ ಗೊತ್ತು," ಎಂದೆ.

"ಎಲ್ಲರಿಗೂ ತಪ್ಪಾಗಿ ಗೊತ್ತು," ಎಂದಳು. ನಮ್ಮಿಬ್ಬರ ವಾದ ಐದು ನಿಮಿಷ ನಡೆಯಿತು. ಬಾಗಿಲಲ್ಲಿ ನಿಂತಿದ್ದ ರಬ್ಬಿ ಒಂದು ಪೆಪ್ಪರ್‌ಮಿಂಟು ಬಾಯಿಗೆ ಹಾಕಿಕೊಂಡು, "ಮಿಸೆಸ್ ಸುಧಾ, ಪುಸ್ತಕ ತಾಲ್ಯಳ ಕಡೆಗಿದೆ," ಎಂದರು.

ಇನ್ನೇನು ಮಾಡುವುದು? ಹದಿನಾಲ್ಕು ಹಸು, ಹದಿನಾಲ್ಕು ಕುರಿ, ಹದಿನಾಲ್ಕು ಮೇಕೆ ಕತ್ತರಿಸಿದೆವು. ಎಲ್ಲ ತುಂಬಿದ ಮೇಲೆ ನೋಹನಿಗೂ ಅವನ ಹೆಂಡತಿಗೂ ಜಾಗವೇ ಉಳಿಯಲಿಲ್ಲ. ನಾವೆಯನ್ನು ಹಾಲಿಗೆ ಎತ್ತಿಕೊಂಡು ಹೋಗುವಾಗ ತಳ ಕಿತ್ತು ಎಲ್ಲ ಜಾನುವಾರು ನೆಲಕ್ಕೆ ಬಿದ್ದವು. ಟೇಪು ಸುತ್ತಿ ಮತ್ತೆ ಎಲ್ಲ ತುಂಬಿದೆವು. ನೋಹನಿಗೆ ಕೊನೆಗೂ ಜಾಗ ಮಾಡಿದವಳು ತಾಲ್ಯಳೇ. ನಾವೆಯ ಹಿಂದೆ ಒಂದು ದಾರ ಕಟ್ಟಿ ಅದರ ತುದಿಗೆ ಅವನನ್ನು ಅಂಟಿಸಿದಳು. "ಈಜಲಿ ಬಿಡಿ. ಇವನು ಆಸ್ಟ್ರೇಲಿಯನ್ ನೋಹ," ಎಂದಳು.

ಅವತ್ತಿನಿಂದ ಪ್ರತಿ ಗುರುವಾರ ಆ ವಾರದ ಭಾಗವನ್ನು ಎರಡು ಸಲ ಓದದೆ ನಾನು ಕಾಗದ ಮುಟ್ಟಿದವಳಲ್ಲ. ಕಾವ್ಯ, ಇದೊಂದನ್ನು ನೀನು ಟಿಪ್ಸ್ ಎಂದು ಬರೆದುಕೊಳ್ಳಬಹುದು.

ಓದಿದರೆ ಎಡವಟ್ಟು ತಪ್ಪುತ್ತದೆ ಎಂದೇನಿಲ್ಲ. ಬೇಸಿಗೆ ರಜೆ ಮುಗಿದು ಶಾಲೆ ತೆರೆದ ಮೊದಲ ಭಾನುವಾರದ ಪಾಠ ಮನ್ನಾ. ಮರಳುಗಾಡಿನಲ್ಲಿ ಹಸಿದ ಜನರಿಗೆ ಆಕಾಶದಿಂದ ಬಿಳಿಯಾಗಿ, ಹಗುರಾಗಿ ಉದುರುವ ಆಹಾರ. ಓದುತ್ತಿದ್ದಂತೆ ನನಗೆ ಮಂಡಕ್ಕಿ ಕಣ್ಣಿಗೆ ಕಟ್ಟಿತು. ಇಂಡಿಯನ್ ಅಂಗಡಿಯಿಂದ ನಾಲ್ಕು ದೊಡ್ಡ ಪ್ಯಾಕೆಟ್ ತಂದೆ. ಅವರಲ್ಲಿ ತಿನ್ನುವ ಪದಾರ್ಥಕ್ಕೆ ಕಟ್ಟುನಿಟ್ಟಾದ ನಿಯಮಗಳಿವೆ. ರಬ್ಬಿ ಪ್ಯಾಕೆಟ್ಟನ್ನು ಹಿಂದೆ ಮುಂದೆ ಓದಿ, "ಇದು ತಿನ್ನುವುದಕ್ಕಲ್ಲ, ಬೀಳುವುದಕ್ಕೆ. ಆಗಬಹುದು," ಎಂದು ತೀರ್ಮಾನ ಕೊಟ್ಟರು.

ಮೂರು ಸೀಲಿಂಗ್ ಫ್ಯಾನುಗಳ ರೆಕ್ಕೆಗಳ ಮೇಲೆ ಏಣಿ ಹತ್ತಿ ಮಂಡಕ್ಕಿ ಹರಡಿದೆ. ಮಕ್ಕಳು ಬುಟ್ಟಿ ಹಿಡಿದು ಕೂತರು. ಸ್ವಿಚ್ ಒತ್ತಿದೆ. ಅಷ್ಟು ಚೆನ್ನಾಗಿ ಬೇರೇನೂ ಉದುರಿದ್ದನ್ನು ನಾನು ನೋಡಿಲ್ಲ. ಸೆಕೆಯೆಂದು ತೋಟದ ಕಡೆಯ ಬಾಗಿಲು ತೆರೆದಿಟ್ಟಿದ್ದೆ. ಮಂಡಕ್ಕಿ ಅರ್ಧ ಹೊರಗೂ ಹಾರಿತು. ಸಿಡ್ನಿಯಲ್ಲಿ ಐಬಿಸ್ ಎಂಬ ಹಕ್ಕಿಯಿದೆ. ಮೊಣಕಾಲುದ್ದ, ಬಿಳಿ ಮೈ, ಕುಡುಗೋಲಿನಂತೆ ಬಾಗಿದ ಉದ್ದ ಕಪ್ಪು ಕೊಕ್ಕು, ದಿನವಿಡೀ ಕಸದ ಡಬ್ಬ ಕೆದಕುತ್ತದೆ. ಮೊದಲು ಒಂದು ಇಣುಕಿತು. ಆಮೇಲೆ ಒಂಬತ್ತು ಒಳಗೆ ನಡೆದು ಬಂದವು.

ತೋರಾದ ಅದೇ ಭಾಗದಲ್ಲಿ ದೇವರು ಮನ್ನಾದ ಜೊತೆಗೆ ಹಕ್ಕಿಗಳನ್ನೂ ಕಳಿಸುತ್ತಾನೆ, ಲಾವಕ್ಕಿಗಳನ್ನು. ರಬ್ಬಿ ಅದನ್ನು ಆಗಷ್ಟೇ ಹೇಳಿ ಮುಗಿಸಿದ್ದರು. ಮಕ್ಕಳು, "ಲಾವಕ್ಕಿ! ಲಾವಕ್ಕಿ!" ಎಂದು ಕಿರುಚುತ್ತ ಕುಣಿದವು. ರಬ್ಬಿ ಮೇಜಿನ ಮೇಲೆ ಹತ್ತಿ ನಿಂತು, "ಇವು ಲಾವಕ್ಕಿಗಳಲ್ಲ! ಪುಸ್ತಕದಲ್ಲಿ ಇವು ಇಲ್ಲ!" ಎಂದು ಕೂಗುತ್ತಿದ್ದರು. ಮಂಡಕ್ಕಿ ಪೂರ್ತಿ ಮುಗಿಯುವವರೆಗೆ ಒಂದು ಹಕ್ಕಿಯೂ ಕದಲಲಿಲ್ಲ. ಮುಂದಿನ ವಾರ ಒಬ್ಬ ತಾಯಿ ನನ್ನನ್ನು ಪಕ್ಕಕ್ಕೆ ಕರೆದು, ತನ್ನ ಮಗನ ಬರ್ತ್‌ಡೇಗೂ ಹಕ್ಕಿಗಳು ಬೇಕು, ಎಲ್ಲಿ ಬುಕ್ ಮಾಡಿದಿರಿ ಎಂದು ಕೇಳಿದಳು.

ಈಗ ಕರುವಿನ ವಿಷಯ. ಇದನ್ನು ಬರೆಯುವಾಗ ಈಗಲೂ ನನಗೆ ಸ್ವಲ್ಪ ಬೆವರು ಬರುತ್ತದೆ.

ಅವರ ಪ್ರವಾದಿ ಮೋಶೆ ಬೆಟ್ಟದ ಮೇಲೆ ಹೋಗಿದ್ದಾಗ ಕೆಳಗಿದ್ದ ಜನ ತಾಳ್ಮೆಗೆಟ್ಟು ಚಿನ್ನದ ಕರು ಮಾಡಿ ಪೂಜಿಸುತ್ತಾರೆ. ಮೋಶೆ ಇಳಿದು ಬಂದು ಸಿಟ್ಟಿನಿಂದ ಅದನ್ನು ಪುಡಿಪುಡಿ ಮಾಡುತ್ತಾನೆ. ರಬ್ಬಿಯ ಯೋಜನೆಯೆಂದರೆ, ಒಂದು ಕರು ಮಾಡಿ, ಪೋಷಕರ ಎದುರಿಗೆ ಮಕ್ಕಳ ಕೈಯಲ್ಲಿ ಅದನ್ನು ಒಡೆಸುವುದು. ವಿಗ್ರಹಾರಾಧನೆ ತಪ್ಪು ಎಂದು ಮಕ್ಕಳಿಗೆ ಮನದಟ್ಟಾಗಬೇಕು.

ನಾನು ಕಾಗದ ನೆನೆಸಿ ರುಬ್ಬಿ, ಮೆಂತ್ಯ ಅರೆದು ಸೇರಿಸಿ ಕರು ಕಟ್ಟಿದೆ. ನಮ್ಮಜ್ಜಿ ಹೀಗೇ ಕಾಗದದ ಬುಟ್ಟಿ ಮಾಡುತ್ತಿದ್ದಳು. "ಮೆಂತ್ಯೆ ಯಾಕ ಇಷ್ಟ್ ರುಬ್ಬೀ? ಇಡೀ ಬಿಲ್ಡಿಂಗ್ ನಾರಾಕತ್ತೈತಿ," ಎಂದರು ನಮ್ಮವರು. ಎರಡು ವಾರ ಬಾಲ್ಕನಿಯಲ್ಲಿ ಒಣಗಿಸಿ ಶಾಲೆಗೆ ಸಾಗಿಸಿ, ಚಿನ್ನದ ಬಣ್ಣ ಬಳಿದೆ. ಕಣ್ಣನ್ನು ಕೊನೆಗೆ ಬರೆಯಬೇಕು ಎಂಬುದು ಊರಿನಲ್ಲಿ ಗಣಪತಿ ಮಾಡುವವರಿಂದ ಕಲಿತದ್ದು. ಅಂದು ಬೆಳಿಗ್ಗೆ ಖಾಲಿ ಕ್ಲಾಸಿನಲ್ಲಿ ಕಣ್ಣು ಬರೆದೆ. ಕರು ನನ್ನನ್ನು ನೋಡಿತು. ನನ್ನ ಕೈಗಳು ತಾವಾಗಿ ಮುಗಿದವು.

ಪೋಷಕರೆಲ್ಲ ಬಂದು ಕೂತರು. ತಾಲ್ಯಳಿಗೆ ಮೋಶೆಯ ಪಾತ್ರ. ಅಂಟುಗಡ್ಡ ಕಟ್ಟಿಕೊಂಡು ಬಂದು ಮರದ ಸುತ್ತಿಗೆಯಿಂದ ಕರುವಿಗೆ ಹೊಡೆದಳು. ಸುತ್ತಿಗೆ ಪುಟಿದು ಹಿಂದೆ ಬಂತು. ಇನ್ನೊಬ್ಬ ಹುಡುಗ ಹೊಡೆದ. ಹತ್ತು ಮಕ್ಕಳು ಸಾಲಾಗಿ ಹೊಡೆದರು. ಮೆಂತ್ಯ ಹಾಕಿದ ಕಾಗದ ಒಣಗಿದರೆ ಕಲ್ಲಾಗುತ್ತದೆ ಎಂದು ಹೇಳುವುದನ್ನು ನಾನು ಮರೆತಿದ್ದೆ. ರಬ್ಬಿ ಕೋಟು ಬಿಚ್ಚಿ, ಕಾರಿನಿಂದ ಜ್ಯಾಕಿನ ಕಬ್ಬಿಣದ ಹಿಡಿ ತಂದು ಬಾರಿಸಿದರು. ಠಣ್ ಎಂದಿತು. ಕರುವಿನ ಕಿವಿಯ ಬಣ್ಣ ಒಂದು ಚೂರು ಎದ್ದಿತು, ಅಷ್ಟೇ. ಹಿಂದಿನ ಸಾಲಿನಿಂದ ಒಂದು ಪುಟ್ಟ ದನಿ, "ಇದು ನಿಜವಾಗಲೂ ದೇವರೇ ಇರಬೇಕು," ಎಂದಿತು.

ಮೂರು ಸಾವಿರ ವರ್ಷದಿಂದ ಕಾಪಾಡಿಕೊಂಡು ಬಂದ ಪಾಠವನ್ನು ನಾನೊಬ್ಬಳು ಒಂದು ಸೇರು ಮೆಂತ್ಯದಿಂದ ತಲೆಕೆಳಗು ಮಾಡಿದ್ದೆ.

ಎಲ್ಲರೂ ಹೋದ ಮೇಲೆ ರಬ್ಬಿ ನನ್ನನ್ನು ಆಫೀಸಿಗೆ ಕರೆದರು. ಕರು ಅವರ ಮೇಜಿನ ಮೇಲಿತ್ತು. "ಕಮಿಟಿಯವರು ಫೋನ್ ಮಾಡಿದ್ದರು. ನಿಮ್ಮನ್ನು ಮುಂದುವರಿಸಬೇಕೇ ಎಂದು ಕೇಳಿದರು. ಅದಕ್ಕೆ ಉತ್ತರ ಕೊಡುವ ಮೊದಲು ಒಂದು ಪ್ರಶ್ನೆ. ಇದು ಬರೀ ಕ್ರಾಫ್ಟ್ ಆಗಿದ್ದರೆ ಮೂಲೆಯಲ್ಲಿ ಇಡಬಹುದು. ಯಾರಾದರೂ ಪೂಜಿಸಿದ್ದರೆ ನಾಶ ಮಾಡಲೇಬೇಕು. ಯಾರಾದರೂ ಪೂಜಿಸಿದರೇ?"

ಇಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಎರಡು ವರ್ಷ ಫ್ಲ್ಯಾಟಿನಲ್ಲಿ ಕೂತು ಕಳೆದ ದಿನಗಳು ನೆನಪಾದವು. ಈ ಕೆಲಸ ಹೋದರೆ ಮತ್ತೆ ಅದೇ. ಆದರೆ ಅವರ ಮುಖ ನೋಡಿ ಸುಳ್ಳು ಹೇಳಲಾಗಲಿಲ್ಲ. "ಕಣ್ಣು ಬರೆದಾಗ ನನ್ನ ಕೈ ಮುಗಿಯಿತು, ರಬ್ಬಿ. ಬೇಕೆಂದು ಮಾಡಿದ್ದಲ್ಲ," ಎಂದೆ.

ಅವರು ಕಣ್ಣು ಮುಚ್ಚಿಕೊಂಡರು. ನಾಶ ಮಾಡಲೇಬೇಕು, ನಾಶ ಆಗುವುದಿಲ್ಲ. ಮೆಲ್ಬರ್ನ್‌ನಲ್ಲಿದ್ದ ತಮ್ಮ ವೃದ್ಧ ಗುರುಗಳಿಗೆ ಫೋನ್ ಹಚ್ಚಿದರು. ನಾನು ಹೊರಗೆ ಬೆಂಚಿನ ಮೇಲೆ ಮುಕ್ಕಾಲು ಗಂಟೆ ಕೂತಿದ್ದೆ. ನಡುವೆ ಒಮ್ಮೆ ರಬ್ಬಿ ಬಾಗಿಲು ತೆರೆದು ತಲೆ ಹೊರಹಾಕಿ, "ಮೊದಲ ದಿನ ನೀವು ನನಗೂ ಕೈ ಮುಗಿದಿದ್ದಿರಲ್ಲವೇ?" ಎಂದರು.

"ಹೌದು."

"ಗೇಟಿನ ಸೆಕ್ಯುರಿಟಿಯವನಿಗೂ?"

"ದಿನಾ ಮುಗಿಯುತ್ತೇನೆ."

ಬಾಗಿಲು ಮುಚ್ಚಿತು. ಸ್ವಲ್ಪ ಹೊತ್ತಿಗೆ ಅವರು ಹೊರಬಂದಾಗ ಮುಖದಲ್ಲಿ ಗೆಲುವಿತ್ತು. "ಗುರುಗಳು ತೀರ್ಪು ಕೊಟ್ಟರು. ನೀವು ಕರುವನ್ನು ಪೂಜಿಸಿಲ್ಲ. ಅದಕ್ಕೆ ಹಲೋ ಹೇಳಿದ್ದೀರಿ."

ಕಮಿಟಿಗೂ ಅವರು ಅದನ್ನೇ ಹೇಳಿದರಂತೆ. ನನ್ನ ಕೆಲಸ ಉಳಿಯಿತು. ಕರುವನ್ನು ಮಾತ್ರ ಅಂದೇ ತೆಗೆದುಕೊಂಡು ಹೋಗಬೇಕೆಂದರು. ಟ್ರೇನಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಪ್ಯಾರಮ್ಯಾಟಾದಲ್ಲಿ ಹತ್ತಿದ ಗುಜರಾತಿ ಅಜ್ಜಿಯೊಬ್ಬಳು ಅದರ ಹಣೆ ಮುಟ್ಟಿ ಕಣ್ಣಿಗೊತ್ತಿಕೊಂಡು, ಬಾಳೆಹಣ್ಣು ಮುಂದಿಟ್ಟು ಕೂತಳು. ಅದು ಹಲೋ ಆಗಿರಲಿಲ್ಲ. ರಬ್ಬಿಗೆ ನಾನು ಅದನ್ನು ಹೇಳಲಿಲ್ಲ.

ಕೆಲವು ವರ್ಷ ಕಳೆದು ನಮ್ಮವರು ರಿಟೈರ್ ಆದರು. ಮಗಳು ಇದ್ದದ್ದು ಮೆಲ್ಬರ್ನ್‌ನಲ್ಲಿ. ನಾವೂ ಪಾಯಿಂಟ್ ಕುಕ್‌ಗೆ ಬಂದೆವು. ರಬ್ಬಿ ಕೊಟ್ಟ ಶಿಫಾರಸು ಪತ್ರದಲ್ಲಿ ಎರಡೇ ವಾಕ್ಯ: "ಇವರು ಸುಳ್ಳು ಹೇಳುವುದಿಲ್ಲ. ಇವರ ಕೈಗೆ ಮೆಂತ್ಯ ಕೊಡಬೇಡಿ." ಅದನ್ನು ಹಿಡಿದು ಫ್ರೀವೇ, ದೊಡ್ಡ ಸೇತುವೆ ದಾಟಿ ಊರಿನ ಆಚೆ ತುದಿಯ ಶಾಲೆಗೆ ಹೋದೆ. ಅಲ್ಲಿನ ಮುಖ್ಯಸ್ಥೆ ಶೋಶಾನಾ. ನನಗಿಂತ ಹತ್ತು ವರ್ಷಕ್ಕೆ ಹಿರಿಯಳು, ಕಡ್ಡಿ ಮುರಿದಂತೆ ಮಾತು. ನಕ್ಕಿದ್ದನ್ನು ನಾನು ಮೊದಲ ಐದು ವರ್ಷ ನೋಡಲಿಲ್ಲ. ಅವಳಿಗೆ ಪುಸ್ತಕದಲ್ಲಿ ಏನಿದೆಯೋ ಅದು, ಅಷ್ಟೇ.

ತೋರಾದಲ್ಲಿ ಚರ್ಮರೋಗದ ಬಗ್ಗೆ ಒಂದು ಭಾಗವಿದೆ. ಯಾವ ಕಲೆ ಬಂದರೆ ಪುರೋಹಿತ ನೋಡಬೇಕು, ಯಾರು ಊರಾಚೆ ಏಳು ದಿನ ಇರಬೇಕು, ಹೀಗೆ. ಇದರಲ್ಲಿ ಏನು ಕ್ರಾಫ್ಟ್ ಮಾಡಿಸುವುದು? ಬೀಟ್‌ರೂಟ್ ರಸದಿಂದ ಮಕ್ಕಳ ಮುಖ, ಕೈಗೆ ಚುಕ್ಕೆ ಇಟ್ಟು, ಒಬ್ಬ ಹುಡುಗನನ್ನು ಪುರೋಹಿತನನ್ನಾಗಿ ಮಾಡಿ ಪರೀಕ್ಷೆ ಮಾಡಿಸಿದೆ. ಎಲ್ಲರಿಗೂ ಖುಷಿಯೋ ಖುಷಿ. ರಂಗು ನಿಲ್ಲಲಿ ಎಂದು ರಸಕ್ಕೆ ಬೇರೆ ಬಣ್ಣವನ್ನೂ ಬೆರೆಸಿದ್ದೆ; ಅದು ತೊಳೆದರೂ ಹೋಗಲಿಲ್ಲ. ಸೋಮವಾರ ಬೆಳಿಗ್ಗೆ ಹದಿನಾಲ್ಕು ಮಕ್ಕಳು ತಮ್ಮ ತಮ್ಮ ಶಾಲೆಗಳಿಂದ ಮನೆಗೆ ವಾಪಸ್ ಬಂದರು. ಚಿಕನ್‌ಪಾಕ್ಸ್ ಎಂದು ಊರೆಲ್ಲ ಗುಲ್ಲು. ತೋರಾ ಹೇಳಿದಂತೆಯೇ ಎಲ್ಲರೂ ಪ್ರತ್ಯೇಕವಾಗಿ ಕೂತರು.

ಶೋಶಾನಾ ಫೋನ್ ಮಾಡಿದಾಗ ಕೆಲಸ ಹೋಯಿತೆಂದೇ ಅಂದುಕೊಂಡೆ.

"ಸುಧಾ, ಇದು ಬಹಳ ಗಂಭೀರವಾದ ತಪ್ಪು," ಎಂದಳು.

"ಗೊತ್ತು ಶೋಶಾನಾ. ಪಾಪ, ಪೋಷಕರು—"

"ಪೋಷಕರ ಮಾತು ಬಿಡು. ಪುಸ್ತಕದಲ್ಲಿ ಕಲೆ ಬಿಳಿ. ನೀನು ಕೆಂಪು ಹಾಕಿದ್ದೀ."

ಕಾಲ ಬದಲಾದಂತೆ ಕೆಲಸದ ರೀತಿಯೂ ಬದಲಾಯಿತು. ಮೊದಲು ಹಾಲಿನ ಡಬ್ಬ, ಮೊಟ್ಟೆ ಟ್ರೇಗಳನ್ನು ಕೂಡಿಟ್ಟು ಎಲ್ಲ ಮಾಡುತ್ತಿದ್ದೆವು. ಬರಬರುತ್ತ ಎಲ್ಲ ಕತ್ತರಿಸಿ ಸಿದ್ಧವಾದ ಕಿಟ್‌ಗಳು ಅಂಚೆಯಲ್ಲಿ ಬರತೊಡಗಿದವು. ಮಗು ಅಂಟಿಸಿದರೆ ಆಯಿತು, ಎಲ್ಲರ ನೋಹನೂ ಒಂದೇ ಥರ ನಗುತ್ತಾನೆ. ಲಾಕ್‌ಡೌನ್ ಬಂದಾಗ ಪಾಠವೇ ಕಂಪ್ಯೂಟರಿಗೆ ಹೋಯಿತು. ಪೆಸಾಹ್ ಹಬ್ಬದ ವಾರ ಈಜಿಪ್ಟಿಗೆ ಬಂದ ಹತ್ತು ಪಿಡುಗುಗಳ ಕಥೆ. ಒಂಬತ್ತನೆಯದು ಮೂರು ದಿನದ ಕತ್ತಲು. "ಎಲ್ಲರೂ ಕ್ಯಾಮೆರಾ ಆಫ್ ಮಾಡಿ, ಮೈಕ್ ಆಫ್ ಮಾಡಿ. ಕತ್ತಲಲ್ಲಿ ಕೂತರೆ ಹೇಗನಿಸುತ್ತೆ ನೋಡೋಣ," ಎಂದೆ. ಒಂದೊಂದೇ ಮುಖ ಮಾಯವಾಗಿ ಪರದೆ ಪೂರ್ತಿ ಕಪ್ಪಾಯಿತು. ಎರಡು ನಿಮಿಷ ಬಿಟ್ಟು, "ಈಗ ಬೆಳಕು!" ಎಂದೆ. ಯಾರೂ ಬರಲಿಲ್ಲ. "ಮಕ್ಕಳೇ, ಬೆಳಕು!" ಇಪ್ಪತ್ತು ನಿಮಿಷ ನಾನು ಕಪ್ಪು ಪರದೆಯ ಮುಂದೆ ಬೆಳಕು ಬೆಳಕು ಎಂದು ಕೂಗುತ್ತಿದ್ದೆ. ಮಗಳು ಬಂದು ನನ್ನ ಹಣೆ ಮುಟ್ಟಿ ನೋಡಿ, "ಅಮ್ಮಾ, ಆರ್ ಯು ಓಕೆ? ಅವರೆಲ್ಲಾ ಆಟಕ್ಕೆ ಹೋಗಿರ್ತಾರೆ," ಎಂದಳು. ಹೌದು, ಒಬ್ಬಳನ್ನು ಬಿಟ್ಟು. ಎಸ್ತರ್ ಎಂಬ ಪುಟ್ಟ ಹುಡುಗಿಯ ದನಿ ಕತ್ತಲೊಳಗಿನಿಂದ ಬಂತು. "ಮೋರಾ, ನಾನು ಇಲ್ಲೇ ಇದ್ದೀನಿ. ಮೂರು ದಿನ ಆಗಲಿ ಅಂತ ಕಾಯ್ತಿದ್ದೀನಿ."

ನನ್ನ ಮಂಡಿ ನೋವು ಹೆಚ್ಚಾಯಿತು, ಸಣ್ಣ ಕುರ್ಚಿಯಿಂದ ಏಳಲು ಇಬ್ಬರು ಮಕ್ಕಳ ಸಹಾಯ ಬೇಕಾಯಿತು. ಬಿಡುತ್ತೇನೆ ಎಂದು ಶೋಶಾನಾಗೆ ಹೇಳಿದೆ. ವರ್ಷದ ಓದು ಮುಗಿಯುವ ವಾರವೇ ನನ್ನ ಕೊನೆಯ ಭಾನುವಾರವಾಗಲಿ ಎಂದಳು.

ತೋರಾದ ಕೊನೆಯ ಭಾಗದಲ್ಲಿ ಮೋಶೆ ಸಾಯುತ್ತಾನೆ. ನಲವತ್ತು ವರ್ಷ ಜನರನ್ನು ಮರಳುಗಾಡಿನಲ್ಲಿ ನಡೆಸಿಕೊಂಡು ಬಂದವನನ್ನು ದೇವರು ಬೆಟ್ಟದ ತುದಿಗೆ ಕರೆದು, ಆಚೆಗಿರುವ ನಾಡನ್ನು ತೋರಿಸಿ, ನೀನು ಅಲ್ಲಿಗೆ ಹೋಗುವಂತಿಲ್ಲ ಎನ್ನುತ್ತಾನೆ. ನಾನು ಪ್ರತಿ ಮಗುವಿಗೂ ಒಂದು ತಟ್ಟೆ ಕೊಟ್ಟೆ. ಒಂದು ಕಡೆ ಜೇಡಿಮಣ್ಣಿನ ಬೆಟ್ಟ, ನಡುವೆ ನೀಲಿ ಕಾಗದದ ನದಿ, ಆಚೆ ಹಸಿರು ನಾಡು. ತಂತಿಯಲ್ಲಿ ಮಾಡಿದ ಮೋಶೆಯನ್ನು ಬೆಟ್ಟದ ಮೇಲೆ ನೆಡಬೇಕು. ಮಾದರಿಗೆಂದು ನಾನೂ ಒಂದು ಮಾಡಿ ಮುಂದಿನ ಮೇಜಿನ ಮೇಲಿಟ್ಟಿದ್ದೆ.

ಎಸ್ತರ್‌ಗೆ ಆಗ ಎಂಟು ತುಂಬಿತ್ತೋ ಏನೋ. "ಅವನು ಯಾಕೆ ಹೋಗಬಾರದು?" ಎಂದಳು.

"ದೇವರು ನೀರಿಗಾಗಿ ಬಂಡೆಯ ಜೊತೆ ಮಾತಾಡು ಅಂದಾಗ ಇವನು ಕೋಲಿನಿಂದ ಹೊಡೆದ. ಅದಕ್ಕೆ."

"ಒಂದೇ ತಪ್ಪು?"

"ಒಂದೇ."

ಅವಳು ನನ್ನನ್ನು ಬಹಳ ಹೊತ್ತು ನೋಡಿದಳು. ನನ್ನ ತಪ್ಪುಗಳನ್ನು ಎಣಿಸುತ್ತಿದ್ದಾಳೆಂದು ನನಗೆ ಚೆನ್ನಾಗಿ ಗೊತ್ತಾಯಿತು. ನಾನು ಬಣ್ಣ ತರಲು ಸ್ಟೋರ್‌ರೂಮಿಗೆ ಹೋಗಿ ಬರುವಷ್ಟರಲ್ಲಿ ಕ್ಲಾಸು ವಿಪರೀತ ಶಾಂತವಾಗಿತ್ತು. ಹದಿಮೂರು ತಟ್ಟೆಗಳಲ್ಲಿ ಹದಿಮೂರು ಮೋಶೆಗಳೂ ನದಿ ದಾಟಿ ಹಸಿರು ನಾಡಿನಲ್ಲಿ ನಿಂತಿದ್ದರು. ಒಬ್ಬನ ಕೈಯಲ್ಲಿ ಐಸ್‌ಕ್ರೀಮ್ ಬೇರೆ.

ಅದೇ ಹೊತ್ತಿಗೆ ಶೋಶಾನಾ ಬಾಗಿಲು ತೆರೆದಳು. ನನ್ನ ಬೀಳ್ಕೊಡುಗೆಯ ಕೇಕ್ ಅವಳ ಕೈಯಲ್ಲಿತ್ತು. ಕೇಕನ್ನು ಇಟ್ಟು, ಸಾಲಾಗಿ ತಟ್ಟೆಗಳನ್ನು ನೋಡುತ್ತ ಬಂದಳು. ಕೊನೆಯ ದಿನವೂ ಎಡವಟ್ಟು ತಪ್ಪಲಿಲ್ಲವಲ್ಲ ಎಂದು ನಾನು ನೆಲ ನೋಡುತ್ತಿದ್ದೆ.

"ಪುಸ್ತಕದಲ್ಲಿ ಹೀಗಿಲ್ಲ," ಎಂದಳು ಶೋಶಾನಾ.

"ಗೊತ್ತು," ಎಂದಳು ಎಸ್ತರ್. "ಅವನು ಅಲ್ಲೇ ಇರೋಕೆ ಬಂದಿಲ್ಲ. ಪಿಆರ್ ಅಲ್ಲ, ವಿಸಿಟರ್ ವೀಸಾ. ಸೌತ್ ಆಫ್ರಿಕಾದಿಂದ ನಮ್ಮಜ್ಜಿ ಬರ್ತಾಳಲ್ಲ, ಹಾಗೆ. ಮೂರು ತಿಂಗಳು ನೋಡಿಕೊಂಡು ಬೆಟ್ಟಕ್ಕೆ ವಾಪಸ್ ಹೋಗ್ತಾನೆ."

ಶೋಶಾನಾ ಕನ್ನಡಕ ತೆಗೆದು ಸ್ವೆಟರಿನ ಅಂಚಿಗೆ ಒರೆಸಿದಳು, ಮತ್ತೆ ಹಾಕಿಕೊಂಡಳು. ಆಮೇಲೆ ನನ್ನ ಮೇಜಿನ ಹತ್ತಿರ ಬಂದಳು. ನನ್ನ ಮಾದರಿಯ ಮೋಶೆಯೊಬ್ಬನೇ ಇನ್ನೂ ಬೆಟ್ಟದ ಮೇಲೆ ನಿಂತಿದ್ದ. ಎರಡು ಬೆರಳಲ್ಲಿ ಅವನನ್ನು ಮೆಲ್ಲನೆ ಕಿತ್ತು, ನದಿ ದಾಟಿಸಿ, ಆಚೆ ದಡದಲ್ಲಿ ನೆಟ್ಟಳು. ವಾಲುತ್ತಿದ್ದಾನೆಂದು ಕಾಲಿನ ಬುಡಕ್ಕೆ ಇನ್ನಷ್ಟು ಮಣ್ಣು ಒತ್ತಿದಳು.

"ಮೂರು ತಿಂಗಳು," ಎಂದು ಮಕ್ಕಳ ಕಡೆ ತಿರುಗಿ ಹೇಳಿದಳು. "ಒಂದು ದಿನ ಕೂಡ ಹೆಚ್ಚಿಲ್ಲ."